ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಸುತ್ತಿದ್ದವರು

"ನಿಮ್ಮ ಬಾತ್‌ರೂಮ್ ಎಲ್ಲಿ ಉಂಟು?"

ನಮ್ಮ ಜಗಲಿ ಹತ್ತಿ ಅವರು ಆಡಿದ ಮೊದಲ ಮಾತು ಇದು. ನಮಸ್ಕಾರವಿಲ್ಲ, ಹೆಸರು ಹೇಳಲಿಲ್ಲ. ಕೊಡೆಯನ್ನು ಮೂಲೆಗೆ ಒರಗಿಸಿ, ಎದುರಿಗೆ ಪಕ್ಕದ ಮನೆಯ ಲಲಿತಕ್ಕ ಕೂತಿದ್ದರೂ ಲಕ್ಷ್ಯವಿಲ್ಲದೆ, ಮಾರ್ಕೆಟಿನಲ್ಲಿ ಬಸಳೆ ಎಲ್ಲಿ ಎಂದು ಕೇಳುವಷ್ಟು ಜೋರಾಗಿ ಕೇಳಿದರು. ನಾನು ಕೈ ತೋರಿಸಿದೆ. ಅವರು ಒಳಗೆ ಹೋದ ಕೂಡಲೇ ಲಲಿತಕ್ಕ ನನ್ನ ಕಡೆಗೆ ಬಗ್ಗಿ, "ಮನೆ ಒಳಗೆಲ್ಲ ನೋಡ್ಲಿಕ್ಕೆ ಅದೊಂದು ಉಪಾಯ ಅಕ್ಕ. ಜಾಗ್ರತೆ" ಎಂದರು. ನನಗೂ ಹಾಗೇ ಅನ್ನಿಸಿತ್ತು.

ನಾನು ಹತ್ತು ವರ್ಷ ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಆ ಜಾಗದ ಹೆಸರನ್ನೇ ನಾವು ಎತ್ತುತ್ತಿರಲಿಲ್ಲ. ಎದ್ದು ನಿಂತು ಮೆಲ್ಲಗೆ "ಮೇ ಐ ಗೋ ಔಟ್, ಸಿಸ್ಟರ್?" ಎನ್ನಬೇಕು. ಸಿಸ್ಟರ್ "ಕಾಂಟ್ ಯು ವೇಟ್?" ಎಂದರೆ ಕೂತು ಕಾಯಬೇಕು. ಕಾಯುವುದೇ ಮ್ಯಾನರ್ಸ್. ಆಮೇಲೆ ಮೂವತ್ತು ವರ್ಷ ಇಂಗ್ಲಿಷ್ ಟೀಚರ್ ಆಗಿ ಪುತ್ತೂರಿನ ಮಕ್ಕಳಿಗೆ ನಾನೂ ಅದೇ ಮ್ಯಾನರ್ಸ್ ಕಲಿಸಿದೆ.

ಅವರು ಬಂದದ್ದು ನನ್ನ ನಾದಿನಿ ಶಶಿಗಾಗಿ. ಶಶಿಕಲಾ ನನ್ನ ಯಜಮಾನರ ತಂಗಿ, ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು, ಮದುವೆಯಾಗಲಿಲ್ಲ. ಕಡಬದ ಕಡೆ ಪಿ.ಟಿ. ಟೀಚರ್ ಆಗಿದ್ದವಳು. ಅವಳು ವಿಸಿಲ್ ಊದಿದರೆ ಗ್ರೌಂಡಿನ ಆಚೆ ಗುಡ್ಡದಲ್ಲಿ ಮೇಯುವ ದನಗಳೂ ತಲೆ ಎತ್ತುತ್ತಿದ್ದವು ಎಂದು ನನ್ನ ಯಜಮಾನರು ತಮಾಷೆ ಮಾಡುತ್ತಿದ್ದರು. ಯಜಮಾನರು ತೀರಿಹೋದ ಮೇಲೆ, ಶಶಿ ರಿಟೈರ್ ಆಗಿ ಒಂದು ಆಪರೇಶನ್ನೂ ಮುಗಿಸಿಕೊಂಡ ಮೇಲೆ, ನರಿಮೊಗರು ರಸ್ತೆಯ ನಮ್ಮ ಮನೆಗೆ ಬಂದಳು. ಇಬ್ಬರು ಹೆಂಗಸರು, ಒಂದು ಟಿವಿ, ಒಂದು ಸೋಫಾ ಸೆಟ್. ಸುಖವಾಗಿರಬಹುದಿತ್ತು. ಆದರೆ ವರ್ಷದೊಳಗೆ ಶಶಿ ಕೋಣೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದಳು. ಮದುವೆ ಇಲ್ಲ, ಪೇಟೆ ಇಲ್ಲ. ಊಟಕ್ಕೆ ಕರೆದರೆ "ಆಮೇಲೆ". ಬಿ.ಪಿ. ನೋಡಿಸಲು ಕರೆದುಕೊಂಡು ಹೋದಾಗ ಡಾಕ್ಟರ ಹತ್ತಿರ "ನಾನಿದ್ದು ಎಂತ ಪ್ರಯೋಜನ ಡಾಕ್ಟ್ರೆ, ಹೋದ್ರೆ ಎಲ್ಲರಿಗೂ ಹಗುರ" ಎಂದುಬಿಟ್ಟಳು. ಡಾಕ್ಟರು ಮದ್ದು ಬರೆದುಕೊಟ್ಟರು. ಇವರನ್ನೂ ಕಳಿಸಿದರು.

ಇವರು ಎಂದರೆ ನೆಲ್ಯಾಡಿಯವರು. ತಂದೆ ಕೇರಳದಿಂದ ರಬ್ಬರ್ ತೋಟ ಹಾಕಲು ಬಂದ ಕ್ರಿಶ್ಚಿಯನ್ನರಂತೆ. ಐವತ್ತರ ಆಸುಪಾಸು, ಕುಳ್ಳಗೆ, ಗಟ್ಟಿಮುಟ್ಟು. ಡಿಗ್ರಿ ಮಾಡಿದ್ದು ಮಕ್ಕಳು ದೊಡ್ಡವರಾದ ಮೇಲೆ. ಪುತ್ತೂರು, ಸುಳ್ಯ, ಕಡಬ ಎಂದು ಮೂರು ತಾಲೂಕು ಬಸ್ಸಿನಲ್ಲೇ ತಿರುಗಿ, ಬದುಕು ಬೇಡ ಎನ್ನುವವರ ಮನೆಗಳಿಗೆ ಹೋಗಿ ಕೌನ್ಸೆಲಿಂಗ್ ಮಾಡುತ್ತಿದ್ದರು. ನಮ್ಮ ಪಾಲಿಗೆ ಗುರುವಾರ. ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. "ನಾನು ಬಂದದ್ದು ಊರಿಗೆ ಗೊತ್ತಾಗುದು ಬೇಡ" ಎಂದು ಅವರು ಮನೆಮನೆಯಲ್ಲಿ ಹೇಳುತ್ತಿದ್ದದ್ದು ಆ ಮನೆಯವರ ಮರ್ಯಾದೆಗಾಗಿ. ಈಗ ಅದು ಅವರಿಗೂ ಇರಲಿ.

ಮೊದಲ ದಿನ ಹೆಗಲಿನ ಚೀಲದಿಂದ ಅವರು ಹಳೇ ಕ್ಯಾಲೆಂಡರಿನ ಹಾಳೆಗಳ ಸುರುಳಿ ತೆಗೆದಾಗ ಡಾಕ್ಟರು ಕಳಿಸಿದ್ದು ಇನ್ಶೂರೆನ್ಸ್ ಏಜೆಂಟನ್ನೋ ಅನ್ನಿಸಿತು. ಲಲಿತಕ್ಕನ ಅನುಮಾನ ಬೇರೆ: "ಪ್ರಾರ್ಥನೆಗೆ ಕರ್ಕೊಂಡು ಹೋಗ್ತಾರೆ ನೋಡಿ." ನನ್ನ ತಲೆಯ ಮೇಲೆ ಹತ್ತು ವರ್ಷ ಕಾನ್ವೆಂಟಿನ ಸಿಸ್ಟರುಗಳು ಪ್ರಾರ್ಥನೆ ಮಾಡಿಯೂ ನಾನು ಹೋದ ಹಾಗೆಯೇ ವಾಪಸು ಬಂದಿದ್ದೇನೆ, ಶಶಿಗೆ ಎಂತ ಆಗುವುದು ಎಂದು ನಕ್ಕೆ. ಆದರೂ ಬಾಗಿಲ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತೆ.

ಅವರು ವಾಚ್ ಬಿಚ್ಚಿ ಮೇಜಿನ ಮೇಲೆ ಕವುಚಿ ಇಟ್ಟರು. ಆಮೇಲೆ ಶಶಿಯನ್ನು ನೋಡಿ, "ಗಂಜಿ ಆಯ್ತಾ?" ಎನ್ನುವ ಸ್ವರದಲ್ಲೇ ಕೇಳಿದರು: "ಸಾಯುವ ಯೋಚನೆ ಬರ್ತದಾ?"

ನನ್ನ ಮೈ ಉರಿದುಹೋಯಿತು. "ಐ ಬೆಗ್ ಯುವರ್ ಪಾರ್ಡನ್! ಅವಳ ತಲೇಲಿ ಇಲ್ಲದ್ದನ್ನು ನೀವೇ ತುಂಬಿಸುದಾ?"

ಅವರು ನನ್ನ ಕಡೆ ತಿರುಗಲೂ ಇಲ್ಲ. ಶಶಿ ಸೆರಗಿನ ಅಂಚು ಸುತ್ತುತ್ತಾ ಹೇಳಿದಳು, "ಬರ್ತದೆ. ದಿನಾ ಬರ್ತದೆ."

ಅದು ನಮ್ಮ ಮನೆಯೊಳಗೇ ಇತ್ತು, ಎಷ್ಟೋ ತಿಂಗಳಿಂದ. ಯಾರೂ ಕೇಳಿರಲಿಲ್ಲ ಅಷ್ಟೆ.

ಹೋಗುವಾಗ ಅವರು ನನ್ನನ್ನು ತುಳಸಿಕಟ್ಟೆಯ ಹತ್ತಿರ ಕರೆದು, ಮನೆಯಲ್ಲಿ ಏನೇನು ಮದ್ದುಗಳಿವೆ, ತೋಟಕ್ಕೆ ಹೊಡೆಯುವ ಮದ್ದು ಎಲ್ಲಿಟ್ಟಿದ್ದೀರಿ, ಕೀ ಯಾರ ಹತ್ತಿರ ಎಂದು ಕೇಳಿದರು. ಮೊದಲ ದಿನವೇ ಕೀ ವಿಚಾರಿಸುವ ಹೆಂಗಸು! "ಎಲ್ಲ ನಿಮ್ಮ ಕಪಾಟಿಗೆ ಹಾಕಿ ಬೀಗ ಹಾಕಿ. ಬಿ.ಪಿ. ಮಾತ್ರೆ ದಿನದ್ದು ದಿನಕ್ಕೆ ಕೊಡಿ. ಅವರಿಗೆ ಹೇಳಿಯೇ ಮಾಡಿ, ಕದ್ದು ಅಲ್ಲ." ನನ್ನ ಮನೆಯ ಕೀ ನನ್ನ ಸೊಂಟದಲ್ಲೇ ಇರಬೇಕೆಂದು ಹೊರಗಿನವರು ಅಪ್ಪಣೆ ಕೊಡುವುದು ಯಾವ ನ್ಯಾಯ ಎಂದುಕೊಂಡೆ. ಬೀಗ ಮಾತ್ರ ಹಾಕಿದೆ. ಹೆದರಿಕೆ ನನಗೂ ಇತ್ತಲ್ಲ.

ಅವರ ಕ್ರಮ ವಿಚಿತ್ರ. ಕಣ್ಣೀರು ಒರೆಸುವುದು, ಬೆನ್ನು ಸವರುವುದು ಯಾವುದೂ ಇಲ್ಲ. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಶಶಿಯ ಕೈಯಲ್ಲೇ ಬರೆಸುವುದು. ಎಡಗಡೆ ತೊಂದರೆ. "ದೊಡ್ಡದು ಬೇಡ ಟೀಚರೇ, ಜೀವನ ಹಾಳಾಯ್ತು ಅಂತೆಲ್ಲ ಬರೀಬೇಡಿ. ಈ ವಾರದ್ದು ಬರೀರಿ. ಕಣ್ಣಿಗೆ ಕಾಣುವಂಥದ್ದು." ಅದರಲ್ಲಿ ಒಂದೇ ಒಂದನ್ನು ಆರಿಸಬೇಕು. ಬಲಗಡೆ ಅದಕ್ಕೆ ಎಷ್ಟು ದಾರಿಗಳಿವೆಯೋ ಅಷ್ಟೂ. ಸರಿ ತಪ್ಪು ಆಮೇಲೆ. ಶಶಿ ನಿಲ್ಲಿಸಿದರೆ, "ಮತ್ತೆ?" ಇನ್ನೊಂದು ಬರೆದರೆ ಪುನಃ, "ಮತ್ತೆ?" ಕಡೆಗೆ, "ಒಂದಾದ್ರೂ ಹುಚ್ಚು ಉಪಾಯ ಬೇಕು ಮಾರಾಯ್ರೆ, ಅದಿಲ್ಲದಿದ್ರೆ ಲಿಸ್ಟ್ ಪಾಸಾಗುದಿಲ್ಲ." ಆಮೇಲೆ ಒಂದನ್ನು ಆರಿಸಿ ಮುಂದಿನ ಗುರುವಾರದೊಳಗೆ ಮಾಡಿ ನೋಡಬೇಕು. ಹೋಮ್‌ವರ್ಕ್! ಬದುಕೇ ಬೇಡ ಎನ್ನುವವಳಿಗೆ ಹೋಮ್‌ವರ್ಕ್. ಅದಕ್ಕೂ ಮಾರ್ಕಿಲ್ಲ, ಕೆಂಪು ಶಾಯಿಯಿಲ್ಲ.

ಒಮ್ಮೆ ನಾನೇ ಕೇಳಿದೆ, "ಸುಳ್ಯದ ನಮ್ಮ ನೆಂಟರು ಪ್ರಶ್ನೆ ಇಡಿಸಿ ಅಂತಾರೆ. ಜೋಯಿಸರು ಕವಡೆ ಹಾಕಿ ನೋಡ್ತಾರೆ, ಯಾವುದೋ ದೋಷ ಅಂತ. ಅದಕ್ಕೆ ನೀವೆಂತ ಹೇಳ್ತೀರಿ?" ನಗುತ್ತಾರೆ ಎಂದುಕೊಂಡಿದ್ದೆ.

"ಅದನ್ನೂ ಬರೀರಿ ಬಲಗಡೆ" ಎಂದರು. "ಡಾಕ್ಟ್ರ ಮದ್ದು ನಿಲ್ಲಿಸದೆ ಆಗುದಾದ್ರೆ ಅದೂ ಒಂದು ದಾರಿಯೇ. ಮತ್ತೆ?"

ಈ ಹೆಂಗಸಿಗೆ ಯಾವುದರಲ್ಲೂ ಅಭಿಪ್ರಾಯವೇ ಇಲ್ಲವೋ, ಇದ್ದದ್ದನ್ನು ಅಡಗಿಸುತ್ತಾರೋ ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ಬಿಸಿನೀರು ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ಬಂದ ಕೂಡಲೇ ಬಾತ್‌ರೂಮ್ ಮಾತ್ರ ತಪ್ಪುತ್ತಿರಲಿಲ್ಲ. ಒಂದು ಗುರುವಾರ ಹೊರಗೆ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಇಡೀ ಮನೆಗೆ ಕೇಳುವಂತೆ ಹೇಳಿದರು: "ಗುಂಡ್ಯದಿಂದ ಹಿಡ್ಕೊಂಡು ಬಂದದ್ದು. ಆ ಬಸ್ಸಿನಲ್ಲಿ ಕೂತವರ ಕಷ್ಟ ಯಾರಿಗೆ ಹೇಳುದು!" ಶಶಿ ಥಟ್ಟನೆ ತಲೆ ಎತ್ತಿ ಅವರನ್ನು ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

ಅವತ್ತಿನಿಂದ ನನ್ನನ್ನು ಬಾಗಿಲಿನಿಂದ ಎಬ್ಬಿಸಿದರು. "ನೀವು ಸ್ವಲ್ಪ ಹೊರಗೆ ಇರ್ತೀರಾ?" ಎಂದು. ನನ್ನ ಮನೆಯಲ್ಲಿ ನಾನು ಹೊರಗೆ! ಜಗಲಿಯಲ್ಲಿ ಪೇಪರ್ ಹಿಡಿದು ಕೂತರೂ ಕಿವಿಯೆಲ್ಲ ಒಳಗೆ. ಪಿಸುಪಿಸು ಮಾತು. "ಮತ್ತೆ?" ಪುನಃ ಪಿಸುಮಾತು. ಆಮೇಲೆ ಫಕ್ಕನೆ ಶಶಿಯ ನಗು. ಹೊಟ್ಟೆಯಿಂದ ಬಂದ ನಗು, ಗ್ರೌಂಡಿನಲ್ಲಿ ನಗುತ್ತಿದ್ದ ಹಾಗೆ. ವರ್ಷದ ಮೇಲೆ ಕೇಳಿದ ನಗು. ಸಂತೋಷವಾಗಬೇಕಿತ್ತು. ನನಗೆ ಬಂದ ಯೋಚನೆ ಬೇರೆ: ನಗುತ್ತಿರುವುದು ನನ್ನನ್ನು. ಈ ಹೆಂಗಸು ನಾದಿನಿಯನ್ನು ನನ್ನ ಮೇಲೆ ಎತ್ತಿಕಟ್ಟುತ್ತಿದ್ದಾಳೆ.

ಮರುದಿನ ಶಶಿ ಸ್ನಾನಕ್ಕೆ ಹೋದಾಗ ಅವಳ ಕಪಾಟು ತೆರೆದೆ. ಸೀರೆಗಳ ಅಡಿಯಲ್ಲಿ ಹಾಳೆ ಇತ್ತು.

ಮೂವತ್ತು ವರ್ಷದ ಚಾಳಿ, ಕೈ ಮೊದಲು ಹುಡುಕಿದ್ದು ಕೆಂಪು ಪೆನ್ನನ್ನು. ಆಮೇಲೆ ಓದಿದೆ. ಶಶಿಯ ದೊಡ್ಡ ದೊಡ್ಡ ಅಕ್ಷರ. ಆಪರೇಶನ್ ಆದಮೇಲೆ ಮೂತ್ರ ತಡೆಯಲಿಕ್ಕೆ ಆಗುವುದಿಲ್ಲ. ಕೆಮ್ಮಿದರೂ ಹೋಗುತ್ತದೆ. ಬಸ್ಸಿಗೆ ಹೆದರಿಕೆ. ಮದುವೆಗೆ ಹೆದರಿಕೆ. ನಾಲ್ಕನೆಯದು ಹೀಗಿತ್ತು: "ಅತ್ತಿಗೆ ಸೋಫಾಕ್ಕೆ ಪ್ಲಾಸ್ಟಿಕ್ ಹಾಸಿದ್ದಾರೆ. ಯಾಕೆ ಎಂದು ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಿಲ್ಲ."

ಬಲಗಡೆ ಬಸ್ಸಿನ ತೊಂದರೆಗೆ ಒಂಬತ್ತು ದಾರಿಗಳು. ಹೆಂಗಸರ ಡಾಕ್ಟರಿಗೆ ತೋರಿಸುವುದು, ಪ್ಯಾಡ್ ಹಾಕುವುದು, ಡ್ರೈವರಿನ ಹತ್ತಿರದ ಸೀಟು, ಉಪ್ಪಿನಂಗಡಿಯಲ್ಲಿ ಇಳಿಯುವುದು, ಹೀಗೆ. ಒಂಬತ್ತನೆಯದು, "ಬಸ್ಸನ್ನೇ ತೆಗೆದುಕೊಂಡು ನಾನೇ ಬಿಡುವುದು, ಬೇಕಾದಲ್ಲಿ ನಿಲ್ಲಿಸುವುದು." ಶಶಿ ನಕ್ಕದ್ದು ಅದಕ್ಕೆ. ನಾಲ್ಕನೆಯ ತೊಂದರೆಯ ಬಲಗಡೆ ಎರಡೇ ಸಾಲು. "ಅತ್ತಿಗೆ ಹತ್ತಿರ ಹೇಳುವುದು. ಹೇಳದೆ ಇರುವುದು." ಅದರ ಮುಂದೆ ಪೆನ್ಸಿಲಿನಲ್ಲಿ ಬರೀ "ಮತ್ತೆ?"

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಸುಳ್ಯದಲ್ಲಿ ಒಂದು ಮದುವೆಗೆ ಹೋಗಿದ್ದಾಗ ಶಶಿ ಎದ್ದ ಕುರ್ಚಿಯ ಬಿಳಿ ಬಟ್ಟೆಯ ಮೇಲೆ ಒದ್ದೆಯ ಗುರುತನ್ನು ನಾನು ನೋಡಿದ್ದೆ. ನೋಡಿದ್ದನ್ನು ಅವಳೂ ನೋಡಿದ್ದಳು. ನಾನು ಪಾಯಸ ಬಂತಾ ಎಂದು ಆಚೆ ತಿರುಗಿದೆ. ಕಾಣದ ಹಾಗೆ ಮಾಡುವುದು, ಅದೇ ನಮಗೆ ಕಲಿಸಿದ ದೊಡ್ಡ ಮ್ಯಾನರ್ಸ್. ಆ ಮದುವೆಯಿಂದ ಮನೆಗೆ ಬಂದ ವಾರದಲ್ಲೇ, "ಧೂಳು ಕೂರ್ತದೆ" ಎಂದು ಹೇಳಿ ಸೋಫಾಕ್ಕೆ ಪ್ಲಾಸ್ಟಿಕ್ ಹಾಸಿದೆ. ಒಂದು ಮಾತೂ ಆಡಲಿಲ್ಲ. ಅದು ದಯೆ ಎಂದೇ ನಾನು ತಿಳಿದಿದ್ದೆ.

ಆದರೆ ಓದಿದ ಕೂಡಲೇ ಬಂದದ್ದು ಪಶ್ಚಾತ್ತಾಪವಲ್ಲ, ಕೋಪ. ಮುಂದಿನ ಗುರುವಾರ ಅವರನ್ನು ಗೇಟಿನಲ್ಲೇ ಹಿಡಿದೆ.

"ನನ್ನನ್ನು ಪ್ರಾಬ್ಲಮ್ ಲಿಸ್ಟಿನಲ್ಲಿ ಹಾಕಿಸಿದ್ದೀರಲ್ಲ! ಊಟ ಹಾಕುವವಳು ನಾನು, ಮಾತ್ರೆ ಕೊಡುವವಳು ನಾನು!"

ಅವರು ಕೊಡೆ ಮಡಚಿ ರಬ್ಬರ್‌ಬ್ಯಾಂಡ್ ಸುತ್ತಿದರು. "ಹಾಳೆ ಓದಿದ್ರಾ?"

"ಓದಿದೆ. ನನ್ನ ಮನೆ."

"ಮನೆ ನಿಮ್ಮದು. ಹಾಳೆ ಅವರದ್ದು. ಓದಬಾರದಿತ್ತು ನೀವು." ಸ್ವರ ಏರಿಸಲಿಲ್ಲ, ಇಳಿಸಲೂ ಇಲ್ಲ. ನನ್ನನ್ನು ಯಾರಾದರೂ ಹಾಗೆ ಗದರಿ ಅರವತ್ತು ವರ್ಷವಾಗಿತ್ತು. ಆಮೇಲೆ ಚೀಲದಿಂದ ಒಂದು ಕ್ಯಾಲೆಂಡರ್ ಹಾಳೆ ಎಳೆದು ನನ್ನ ಕೈಗಿಟ್ಟರು. "ಈಗ ತೊಂದರೆ ನಿಮ್ಮದು. ಓದಿದ್ದನ್ನು ಅವರಿಗೆ ಹೇಳುದು ಹೇಗೆ? ಬರೀರಿ. ಕಡಿಮೆಯಲ್ಲಿ ಐದು."

"ಡೋಂಟ್ ಬಿ ಸಿಲ್ಲಿ" ಎಂದೆ. ಹಾಳೆ ಮಾತ್ರ ವಾಪಸು ಕೊಡಲಿಲ್ಲ.

ಐದು ಬರೆಯಲಿಲ್ಲ. ಒಂದೇ ಒಂದು ಬರೆದೆ, ಅದೂ ಹೇಡಿಯ ದಾರಿ. ಎರಡು ದಿನ ಬಿಟ್ಟು, ಶಶಿ ಮಲಗಿದ್ದಾಗ, ಏನೂ ಹೇಳದೆ ಸೋಫಾದ ಪ್ಲಾಸ್ಟಿಕ್ ತೆಗೆದು ಅಟ್ಟಕ್ಕೆ ಹಾಕಿದೆ. ಮಾತಿಲ್ಲದೆ ಹಾಸಿದ್ದು, ಮಾತಿಲ್ಲದೆ ತೆಗೆದರೆ ಸರಿಹೋಗುತ್ತದೆ ಎಂಬ ಲೆಕ್ಕ.

ಶಶಿ ಎದ್ದು ಬಂದಳು. ಬರಿಯ ಸೋಫಾ ನೋಡಿದಳು. ನನ್ನನ್ನು ನೋಡಿದಳು. ಹಾಳೆ ನಾನು ಓದಿದ್ದೇನೆ ಎಂದು ಆ ಕ್ಷಣಕ್ಕೆ ಅವಳಿಗೆ ಗೊತ್ತಾಯಿತು. ಕೋಣೆಗೆ ಹೋಗಿ ಬಾಗಿಲು ಹಾಕಿ ಚಿಲಕ ಸರಿಸಿದಳು.

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ತನಕ ಆ ಬಾಗಿಲು ತೆರೆಯಲಿಲ್ಲ. ಊಟಕ್ಕೆ ಕರೆದೆ, ಉತ್ತರವಿಲ್ಲ. ಕಪಾಟಿನ ಬೀಗವನ್ನು ಮೂರು ಸಲ ಎಳೆದು ನೋಡಿದೆ. ಅವರು ಅಡುಗೆಮನೆಯ ಗೋಡೆಗೆ ಅಂಟಿಸಿ ಹೋಗಿದ್ದ ಚೀಟಿ ನೆನಪಾಯಿತು: ಹೆದರಿಕೆ ಆದರೆ ಯಾರಿಗೆ ಫೋನ್, ಅವರು ಸಿಗದಿದ್ದರೆ ಯಾರಿಗೆ, ಯಾವ ಆಸ್ಪತ್ರೆ ಎಂದು ಸಾಲಾಗಿ. ನಮ್ಮ ಮನೆಯ ಮಾನ ಗೋಡೆಗೆ ಅಂಟಿಸಿದ್ದಾರೆ ಎಂದು ನಾನು ಅದರ ಮೇಲೆ ಬಟ್ಟೆ ನೇತುಹಾಕಿದ್ದೆ. ಬಟ್ಟೆ ಎಳೆದು ಬಿಸಾಡಿ ಫೋನ್ ಮಾಡಿದೆ.

ಅವರು ಬಸ್ಸಿನಲ್ಲಿದ್ದರು. ಕಂಡಕ್ಟರನ ಕೂಗಿನ ನಡುವೆ ಅವರ ಸ್ವರ: "ಬಾಗಿಲ ಹತ್ರ ಕೂತ್ಕೊಳ್ಳಿ. ನೇರ ಕೇಳಿ. ಉತ್ತರ ಬಾರದಿದ್ರೆ ಕಾಯ್ಬೇಡಿ, ಪಕ್ಕದ ಮನೆಯವರನ್ನು ಕರ್ದು ಬಾಗಿಲು ತೆಗೆಸಿ. ನಾನು ಇಳಿದು ಆ ಕಡೆ ಬಸ್ ಹಿಡಿತೇನೆ."

"ಎಂತ ಕೇಳುದು?"

"ನಾನು ಕೇಳಿದ್ದನ್ನೇ."

ಮೊಣಕಾಲು ನೋವಿನ ಮುದುಕಿ ನೆಲದ ಮೇಲೆ ಕೂತೆ. ಬಾಗಿಲಿಗೆ ಕೆನ್ನೆ ಹಚ್ಚಿದೆ. ಆ ಮಾತು ನನ್ನ ಬಾಯಿಂದ ಬರಲು ಎಷ್ಟು ಹೊತ್ತು ಹಿಡಿಯಿತೋ. "ಶಶೀ. ಸಾಯುವ ಯೋಚನೆ ಬರ್ತಾ ಉಂಟಾ?"

ಒಳಗೆ ಮಂಚ ಕಿರುಗುಟ್ಟಿತು.

"ಬೆಳಿಗ್ಗೆ ಬಂತು" ಎಂದಳು. "ಈಗ ಸ್ವಲ್ಪ ಕಡಿಮೆ ಉಂಟು. ಅತ್ತಿಗೆ, ನೀವು ನೆಲದಲ್ಲಿ ಕೂತಿದ್ದೀರಾ? ಏಳ್ಲಿಕ್ಕೆ ಆಗ್ತದಾ ನಿಮಗೆ?"

"ಆಗುದಿಲ್ಲ. ನೀನು ಬಂದು ಎಬ್ಬಿಸ್ಬೇಕು." ಆಮೇಲೆ ಬಾಗಿಲಿಗೇ ಹೇಳಿದೆ. ಸುಳ್ಯದ ಕುರ್ಚಿ ನೋಡಿದ್ದೆ ಎಂದು. ಧೂಳಲ್ಲ, ಅದಕ್ಕೇ ಪ್ಲಾಸ್ಟಿಕ್ ಹಾಕಿದ್ದು ಎಂದು. ಹಾಳೆ ಕದ್ದು ಓದಿದೆ ಎಂದು. "ನಿನ್ನ ಹತ್ರ ಕೇಳ್ಬೇಕಿತ್ತು. ನಾನು ಸೋಫಾ ನೋಡಿದೆ, ನಿನ್ನನ್ನು ನೋಡ್ಲಿಲ್ಲ."

ಆಮೇಲೆ ಚಿಲಕ ಸರಿಯಿತು. ಮುಖ ಊದಿತ್ತು, ಸೀರೆ ಮುದ್ದೆಯಾಗಿತ್ತು. "ಆ ಸೋಫಾ ನೋಡ್ಲಿಕ್ಕೂ ಚಂದ ಇಲ್ಲ ಅತ್ತಿಗೆ" ಎಂದಳು. "ಅಣ್ಣ ತಂದ ದಿನವೇ ಹೇಳ್ಬೇಕಂತಿದ್ದೆ." ಕಂಕುಳಿಗೆ ಕೈ ಕೊಟ್ಟು, ಪಿ.ಟಿ. ಟೀಚರ್ ಮಕ್ಕಳನ್ನು ಎತ್ತುವ ಹಾಗೆ, ಒಂದೇ ಸಲಕ್ಕೆ ನನ್ನನ್ನು ಎಬ್ಬಿಸಿದಳು.

ಗುರುವಾರದವರು ಬಂದಾಗ ನಾವಿಬ್ಬರೂ ಮಜ್ಜಿಗೆ ಅನ್ನ ತಿನ್ನುತ್ತಿದ್ದೆವು. ಅವರು ಮೊದಲು ಬಾತ್‌ರೂಮಿಗೆ ಹೋದರು. ಆಮೇಲೆ ಶಶಿಯ ಹತ್ತಿರ ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತಾಡಿದರು. ಹೋಗುವಾಗ ನಾನು, "ನನ್ನದು ಫೇಲ್ ಆಯ್ತು. ಬರೆದ ದಾರಿ ನಡೀಲಿಲ್ಲ" ಎಂದೆ.

"ಒಂದು ನಡೀಲಿಲ್ಲ, ಎರಡನೆಯದ್ದು ನಡೀತಲ್ಲ. ಹಾಳೆ ದೊಡ್ಡದಿರುದು ಯಾಕೆ ಮತ್ತೆ?" ಎಂದು ಕೊಡೆ ಬಿಡಿಸಿ ನಡೆದರು.

ಶಶಿ ಹೆಂಗಸರ ಡಾಕ್ಟರಿಗೆ ತೋರಿಸಿದಳು. ಮಾಡಲು ಕೆಲವು ವ್ಯಾಯಾಮ ಕೊಟ್ಟರು. ವ್ಯಾಯಾಮ ಎಂದರೆ ಅವಳು ಬಿಡುತ್ತಾಳೆಯೇ? ಪೂರ್ತಿ ಗುಣವಾಗಲಿಲ್ಲ, ತಡೆಯುವಷ್ಟಾಯಿತು. ಮನಸ್ಸಿನ ಮದ್ದೂ ಬಹಳ ಕಾಲ ನಡೆಯಿತು. ಕೆಟ್ಟ ದಿನಗಳು ಆಮೇಲೂ ಬಂದವು. ಬಂದಾಗ ಈಗ ನಾನು ಕೇಳುತ್ತೇನೆ, ಅವಳು ಹೇಳುತ್ತಾಳೆ. ಗುರುವಾರಗಳು ಹದಿನೈದು ದಿನಕ್ಕೊಮ್ಮೆಯಾಗಿ, ತಿಂಗಳಿಗೊಮ್ಮೆಯಾಗಿ, ನಿಂತವು. ಕೊನೆಯ ದಿನ ಹಾಳೆಗಳನ್ನೆಲ್ಲ ಶಶಿಗೇ ಕೊಟ್ಟು, "ಇನ್ನು ನನ್ನ ಕೆಲಸ ಇಲ್ಲ" ಎಂದು ವಾಚ್ ಕಟ್ಟಿಕೊಂಡರು. ಇನ್ನೊಮ್ಮೆ ಬನ್ನಿ ಎಂದು ನಾನು ಬಾಯಿಬಿಟ್ಟು ಕರೆಯಲಿಲ್ಲ. ಅದೊಂದು ಉಳಿದುಹೋಯಿತು.

ಕಳೆದ ತಿಂಗಳು ಶಶಿಗೆ ಫೋನ್ ಬಂತು, ಅವರು ತೀರಿಕೊಂಡರೆಂದು. ನನ್ನ ಬಾಯಿಂದ ಬಂದ ಮೊದಲ ಮಾತು, "ಹೇಗೆ?" ನನ್ನ ಸ್ವರ ಕೇಳಿ ಶಶಿ ನನ್ನನ್ನೇ ನೋಡಿದಳು. "ಜ್ವರ ಜೋರಾಗಿ ಆಸ್ಪತ್ರೆಲಿದ್ರಂತೆ, ಅತ್ತಿಗೆ. ನೀವು ಎಂತ ಗ್ರಹಿಸಿದ್ರಿ?" ಇಷ್ಟಾದ ಮೇಲೂ ಅನುಮಾನ ನನ್ನನ್ನು ಬಿಟ್ಟಿಲ್ಲ. ಬಸ್ಸಿಳಿದು ಬಂದು ಪ್ರತಿ ಸಲ ಬಾತ್‌ರೂಮ್ ಕೇಳುತ್ತಿದ್ದರಲ್ಲ, ಅದು ನಿಜವಾಗಿ ಅರ್ಜೆಂಟೋ, ಇಲ್ಲಾ ಎಲ್ಲರ ಎದುರು ಆ ಮಾತನ್ನು ಜೋರಾಗಿ ಆಡಿ ಶಶಿಯ ಬಾಯಿ ಬಿಡಿಸುವ ಉಪಾಯವೋ? ಆದರೆ ಮೊದಲ ದಿನ ಅವರಿಗೆ ಏನೂ ಗೊತ್ತಿರಲಿಲ್ಲವಲ್ಲ? ಶಶಿಯನ್ನು ಕೇಳಿದರೆ, "ಅವರಿಗೂ ನಮ್ಮ ಹಾಗೆ ಮೂತ್ರ ಬರ್ತದೆ ಅತ್ತಿಗೆ" ಎನ್ನುತ್ತಾಳೆ.

ನೆಲ್ಯಾಡಿಗೆ ಇಬ್ಬರೂ ಬಸ್ಸಿನಲ್ಲಿ ಹೋದೆವು. ಡ್ರೈವರಿನ ಹಿಂದಿನ ಸೀಟು. ಅವರ ಮನೆಯಲ್ಲಿ ಫೋಟೋದ ಮುಂದೆ ಮೇಣದಬತ್ತಿ ಉರಿಯುತ್ತಿತ್ತು. ನಮ್ಮ ಹಾಗೆಯೇ ಯಾರೆಂದು ಹೇಳಿಕೊಳ್ಳದೆ ಮೂಲೆಗಳಲ್ಲಿ ನಿಂತ ಹೆಂಗಸರು, ಗಂಡಸರು ಬಹಳ ಜನ ಇದ್ದರು. ಯಾರೂ ಯಾರನ್ನೂ ಎಲ್ಲಿಂದ ಬಂದಿರಿ ಎಂದು ಕೇಳಲಿಲ್ಲ. ನಾವು ಕಾಫಿಯನ್ನೂ ಕುಡಿದು ಹೊರಟೆವು.

ವಾಪಸು ಬರುವಾಗ ಉಪ್ಪಿನಂಗಡಿ ಹತ್ತಿರವಾಗುತ್ತಿದ್ದಂತೆ ಶಶಿ ಕಂಬಿ ಹಿಡಿದು ಎದ್ದು ನಿಂತಳು. ತುಂಬಿದ ಬಸ್ಸು. ಹಳೇ ವಿಸಿಲಿನ ಸ್ವರದಲ್ಲಿ ಹೇಳಿದಳು, "ಡ್ರೈವರಣ್ಣ, ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಲ್ಲಿಸಿ. ನನಗೆ ಬಾತ್‌ರೂಮಿಗೆ ಹೋಗ್ಲಿಕ್ಕುಂಟು."

ಯಾರೋ ಹಿಂದೆ ನಕ್ಕರು. "ಹೋಗಿ ಬನ್ನಿ ಅಮ್ಮ, ಬಸ್ ಎಲ್ಲಿಗೂ ಹೋಗುದಿಲ್ಲ" ಎಂದ ಡ್ರೈವರ್. ಅವಳು ಇಳಿದಳು. ನಾನು ಚೀಲ ಮಡಿಲಿಗೆಳೆದು ಕಿಟಕಿಯ ಕಡೆ ತಿರುಗಿದೆ. ಅಭ್ಯಾಸ.

ಶಶಿ ಕಿಟಕಿಯ ಕೆಳಗೆ ನಿಂತು ತಲೆ ಎತ್ತಿದಳು. "ಅತ್ತಿಗೆ, ನಿಮಗೆ?"

ನನಗೆ ನೆಲ್ಯಾಡಿಯಿಂದಲೇ ಇತ್ತು. ಅಷ್ಟು ಜನ ಇದ್ದ ಮನೆಯಲ್ಲಿ ಕೇಳಲು ನಾಲಿಗೆ ಏಳಲಿಲ್ಲ, ಅದೂ ಅವರ ಮನೆಯಲ್ಲಿ. ಕಾಂಟ್ ಯು ವೇಟ್ ಎಂದು ಎಪ್ಪತ್ತು ವರ್ಷದ ಹಿಂದೆ ಕೂರಿಸಿದ ಹುಡುಗಿ ಇನ್ನೂ ಕೂತೇ ಇದ್ದಳು.

"ನನಗೂ ಹೋಗ್ಲಿಕ್ಕುಂಟು" ಎಂದೆ. ಮೆಲ್ಲಗೆ ಅಂದದ್ದು ಕೇಳಿಸಲಿಲ್ಲವೋ ಏನೋ, ಶಶಿ ಕಿವಿಗೆ ಕೈ ಹಚ್ಚಿದಳು. ಇಡೀ ಬಸ್ಸಿಗೆ ಕೇಳುವಂತೆ ಇನ್ನೊಮ್ಮೆ ಹೇಳಿ, ಅವಳ ಕೈ ಹಿಡಿದು ಇಳಿದೆ.